ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಕೆಳಹಂತದ ತರಬೇತಿ ಲೀಗ್ ಬೇಕೇ, ಬೇಡವೇ? ಬಲ್ಲವರು ವಿವರವಾಗಿ ಹೇಳಿ

ಪೊನ್ನಂಪೇಟೆ ಟರ್ಫ್:

ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತುಹೋಗಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಅದರ ಕೆಳಗೆ ಎರಡನೇ ಹಂತದ ಲೀಗ್ ಒಂದು ಇರಬೇಕಲ್ಲವೇ, ಕ್ರೀಡಾ ಹಾಸ್ಟೆಲ್ ಮುಗಿಸಿ ಬಂದ ಹುಡುಗರಿಗೆ ಪಂದ್ಯ ಎಲ್ಲಿ ಸಿಗಬೇಕು ಎಂಬ ಪ್ರಶ್ನೆ ಕೊಡಗಿನಲ್ಲಿ ಹಾಕಿ ಬಲ್ಲ ಯಾರಿಗಾದರೂ ಬರುತ್ತದೆ. ಆ ಚರ್ಚೆಗೆ ಇಳಿಯುವ ಮುಂಚೆ ಬೇರೆ ಆಟಗಳವರು ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ತಿಳಿಯಬೇಕು.

ಬೇಸ್‌ಬಾಲ್‌ಗೆ ಮೈನರ್ ಲೀಗ್ ಇದೆ. 2021ರಲ್ಲಿ ಕಡಿತವಾದ ಮೇಲೂ 120 ತಂಡ, ಅಂದರೆ ಒಂದೊಂದು ಮೇಜರ್ ತಂಡಕ್ಕೆ ನಾಲ್ಕು. ಬ್ಯಾಸ್ಕೆಟ್‌ಬಾಲ್‌ಗೆ 2001ರಿಂದ ಡಿ ಲೀಗ್ ಇತ್ತು, ಈಗ ಅದೇ ಜಿ ಲೀಗ್. ಐಸ್ ಹಾಕಿಗೆ ಎಎಚ್‌ಎಲ್. ಇವರೆಲ್ಲರಿಗಿಂತ ದೊಡ್ಡ ದುಡ್ಡಿನ ಲೀಗ್ ಎನ್‌ಎಫ್‌ಎಲ್. 2024ರಲ್ಲಿ ಅಲ್ಲಿ ಒಂದು ತಂಡದ ಸಂಬಳದ ಮಿತಿಯೇ 25.54 ಕೋಟಿ ಡಾಲರ್. ಆದರೂ ಅದರದೇ ಆದ ಕೆಳಹಂತದ ಲೀಗ್ ಇಲ್ಲ. ಯಾಕೆ ಇಲ್ಲ? ಇರಬೇಕೇ? ಇದ್ದರೆ ಯಾವ ರೂಪದಲ್ಲಿ? ಅಭಿಪ್ರಾಯ ಮಾತ್ರ ಸಾಲದು. ಎಷ್ಟು ಜನ, ಎಷ್ಟು ಖರ್ಚು, ಯಾವ ತಿಂಗಳು, ಎಲ್ಲಿ ಕೆಡುತ್ತದೆ ಎಂಬ ಲೆಕ್ಕ ಬೇಕು.

ಗೋಣಿಕೊಪ್ಪ ಫುಲ್‌ಬ್ಯಾಕ್:

ಸರ್, ಬೇಕು ಎಂಬುದೇ ನನ್ನ ಉತ್ತರ. ಆದರೆ ಈಗ ಏನಿದೆ ಅಂತ ತಿಳಿಯದೆ ಬೇಕು ಅನ್ನುವುದರಲ್ಲಿ ಅರ್ಥವಿಲ್ಲ, ಅದನ್ನೇ ಮೊದಲು ಬರೆಯುತ್ತೇನೆ.

ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗದ ಹುಡುಗನನ್ನು ಎನ್‌ಎಫ್‌ಎಲ್ ತೆಗೆದುಕೊಳ್ಳುವುದಿಲ್ಲ. ಮೊರಿಸ್ ಕ್ಲಾರೆಟ್ ಎಂಬ ಆಟಗಾರ ಇದರ ವಿರುದ್ಧ ಕೋರ್ಟಿಗೆ ಹೋದ. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಲೀಗ್ ಪರವಾಗಿ ತೀರ್ಪು ಕೊಟ್ಟಿತು. ಹಾಗಾಗಿ 18ರಿಂದ 21, 22 ವಯಸ್ಸಿನವರೆಗೆ ಹುಡುಗರನ್ನು ಬೆಳೆಸುವ ಖರ್ಚು ಪೂರ್ತಿ ಕಾಲೇಜುಗಳದ್ದು. ಮೈದಾನ, ಕೋಚ್, ವೈದ್ಯರು, ಪ್ರೇಕ್ಷಕರು ಎಲ್ಲವೂ ಅಲ್ಲೇ ಇವೆ. ಕೆಳಹಂತದ ಲೀಗ್ ಯಾಕಿಲ್ಲ ಅನ್ನುವುದಕ್ಕೆ ದೊಡ್ಡ ಕಾರಣ ಇದು: ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಯಾರು ಕಟ್ಟುತ್ತಾರೆ?

ತೊಂದರೆ ಶುರುವಾಗುವುದು ಕಾಲೇಜು ಮುಗಿದ ಮೇಲೆ. ಬೇಸಿಗೆ ಕ್ಯಾಂಪಿನಲ್ಲಿ ಒಂದೊಂದು ತಂಡಕ್ಕೆ 90 ಜನ. ಆಗಸ್ಟ್ ಕೊನೆಗೆ 53ಕ್ಕೆ ಇಳಿಸಬೇಕು, 2023ರಿಂದ ಒಂದೇ ಏಟಿಗೆ. ತಂಡಕ್ಕೆ 37, ಒಟ್ಟು 32 ತಂಡ: 1,184 ಜನ ಒಂದೇ ವಾರದಲ್ಲಿ ಹೊರಗೆ. ಮರುದಿನ ಒಂದೊಂದು ತಂಡವೂ 16 ಜನರನ್ನು ಪ್ರ್ಯಾಕ್ಟೀಸ್ ಸ್ಕ್ವಾಡ್‌ಗೆ, ಅಂದರೆ 53ರ ಪಟ್ಟಿಯ ಹೊರಗಿನ ಅಭ್ಯಾಸದ ಗುಂಪಿಗೆ, ತೆಗೆದುಕೊಳ್ಳುತ್ತದೆ. ಅದು 512. ಉಳಿದ ಆರುನೂರಕ್ಕೂ ಮೇಲ್ಪಟ್ಟವರು ಫೋನ್ ಬರುತ್ತದೆಯೇ ಅಂತ ಕಾಯುತ್ತಾ ಸ್ವಂತ ಖರ್ಚಿನಲ್ಲಿ ಜಿಮ್‌ಗೆ ಹೋಗಬೇಕು.

ಪ್ರ್ಯಾಕ್ಟೀಸ್ ಸ್ಕ್ವಾಡ್ ಸೇರಿದವನಿಗೆ 2024ರಲ್ಲಿ ವಾರಕ್ಕೆ 12,500 ಡಾಲರ್, 18 ವಾರ. ಅದೇ ವರ್ಷ 53ರ ಪಟ್ಟಿಯಲ್ಲಿರುವ ಹೊಸಬನ ಕನಿಷ್ಠ ಸಂಬಳ 7,95,000 ಡಾಲರ್, ಅಂದರೆ ವಾರಕ್ಕೆ 44,000 ಮೇಲೆ. ಪ್ರತಿ ಪಂದ್ಯಕ್ಕೆ ತಂಡ ಇಬ್ಬರನ್ನು ಸ್ಕ್ವಾಡ್‌ನಿಂದ ಮೇಲಕ್ಕೆ ತರಬಹುದು. ಒಬ್ಬನನ್ನೇ ಒಂದು ಸೀಸನ್‌ನಲ್ಲಿ ಮೂರು ಸಲಕ್ಕಿಂತ ಹೆಚ್ಚು ಹಾಗೆ ತರುವಂತಿಲ್ಲ. ನಾಲ್ಕನೇ ಸಲ ಬೇಕೆಂದರೆ 53ರ ಪಟ್ಟಿಗೇ ಸೇರಿಸಿಕೊಳ್ಳಬೇಕು. ಬೇರೆ ತಂಡ ಅವನನ್ನು ಎತ್ತಿಕೊಳ್ಳಬಹುದು, ಆದರೆ ತನ್ನ 53ರ ಪಟ್ಟಿಗೆ ಮಾತ್ರ, ಕನಿಷ್ಠ ಮೂರು ವಾರದ ಸಂಬಳದೊಂದಿಗೆ.

ಕಾಗದದಲ್ಲಿ ಒಳ್ಳೆಯ ವ್ಯವಸ್ಥೆ. ಆದರೆ ಬುಧವಾರ ಬೆಳಿಗ್ಗೆ ಮೈದಾನದಲ್ಲಿ ಅವನು ಮಾಡುವ ಕೆಲಸ ನೋಡಿ. ಸಹಾಯಕ ಕೋಚ್ ಒಂದು ದೊಡ್ಡ ರಟ್ಟಿನ ಕಾರ್ಡ್ ಎತ್ತಿ ಹಿಡಿಯುತ್ತಾನೆ. ಅದರಲ್ಲಿ ಬರುವ ಭಾನುವಾರದ ಎದುರಾಳಿ ಆಡುವ ಆಟ ಬರೆದಿರುತ್ತದೆ: ಹನ್ನೊಂದು ಗುಂಡು, ಹನ್ನೊಂದು ಬಾಣ. ಇವರು ಅದನ್ನು ನೋಡಿ ಎದುರಾಳಿಯಂತೆ ಓಡಿ ತೋರಿಸಬೇಕು, ತಮ್ಮ ಮೊದಲ ಹನ್ನೊಂದರ ಡಿಫೆನ್ಸ್‌ಗೆ ಅಭ್ಯಾಸವಾಗಲಿ ಅಂತ. ಮುಂದಿನ ವಾರ ಬೇರೆ ಎದುರಾಳಿ, ಬೇರೆ ಕಾರ್ಡ್. ಹದಿನೆಂಟು ವಾರ ಇದೇ. ಎಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ತನ್ನ ತಂಡದ ಪ್ಲೇಬುಕ್, ಅಂದರೆ ಆಟದ ತಂತ್ರಗಳ ಪುಸ್ತಕ, ರಾತ್ರಿ ಓದುತ್ತಾನೆ, ಹಗಲು ಬೇರೆಯವರ ಪ್ಲೇಬುಕ್ ಆಡುತ್ತಾನೆ. ಮೂರು ಹೆಜ್ಜೆ ಹಿಂದೆ ಸರಿದಾಗ ಯಾರನ್ನು ನೋಡಬೇಕು, ಐದನೇ ಹೆಜ್ಜೆಗೆ ಕಣ್ಣು ಎಲ್ಲಿಗೆ ಹೊರಳಬೇಕು ಎಂಬುದು ಅವನ ತಂಡದ ಆಟಕ್ಕೆ ಹೊಂದಿಕೊಂಡಿರುವ ವಿಷಯ. ಕಾರ್ಡ್ ನೋಡಿ ಎಸೆದರೆ ಅದು ಬರುವುದಿಲ್ಲ.

ನಮ್ಮ ಕಾಫಿ ನರ್ಸರಿ ಬಲ್ಲವರಿಗೆ ಒಂದೇ ಮಾತಲ್ಲಿ ಹೇಳಬಹುದು. ಚಪ್ಪರದ ನೆರಳನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ ಗಿಡಕ್ಕೆ ಬಿಸಿಲು ರೂಢಿ ಮಾಡಿಸದೆ ಜೂನ್‌ನಲ್ಲಿ ತೋಟಕ್ಕೆ ನೆಟ್ಟರೆ ಎಲೆ ಸುಡುತ್ತದೆ. ಪ್ರ್ಯಾಕ್ಟೀಸ್ ಸ್ಕ್ವಾಡ್ ನೀರು ಗೊಬ್ಬರ ಎಲ್ಲ ಇರುವ ಚಪ್ಪರ. ಬಿಸಿಲು ಮಾತ್ರ ಇಲ್ಲ.

ಕಕ್ಕಬ್ಬೆ ಜೇನು:

ಗೋಣಿಕೊಪ್ಪದ ಅಣ್ಣ ಹೇಳಿದ್ದು ಕ್ವಾರ್ಟರ್‌ಬ್ಯಾಕ್ ವಿಷಯ. ಇನ್ನೂ ಹೆಚ್ಚು ಹಾಳಾಗಿರುವುದು ಅಫೆನ್ಸಿವ್ ಲೈನ್, ಚೆಂಡು ಎಸೆಯುವವನ ಮುಂದೆ ನಿಂತು ಅವನನ್ನು ಕಾಯುವ ಆ ಐದು ಜನ.

ಲೀಗ್ ಜೊತೆಗಿನ 2011ರ ಒಪ್ಪಂದದಲ್ಲಿ ಆಟಗಾರರ ಸಂಘ ಪೂರ್ತಿ ಪ್ಯಾಡ್ ಹಾಕಿ ಮಾಡುವ ಅಭ್ಯಾಸಕ್ಕೆ ಮಿತಿ ಹಾಕಿಸಿತು. ಸೀಸನ್ ನಡೆಯುವಾಗ ಅಂಥ ಅಭ್ಯಾಸ ಒಟ್ಟು 14 ಮಾತ್ರ. ಒಂದೇ ದಿನ ಎರಡು ಸಲ ಪ್ಯಾಡ್ ಕಟ್ಟುವುದು ನಿಂತಿತು. ತಲೆಗೆ, ಮೊಣಕಾಲಿಗೆ ಬೀಳುವ ಪೆಟ್ಟು ಕಡಿಮೆಯಾಗಬೇಕು ಎಂಬ ಉದ್ದೇಶ ಸರಿಯಾದದ್ದೇ, ಅದನ್ನು ಹಿಂದಕ್ಕೆ ತರಬಾರದು. ಆದರೆ ಅದರ ಬೆಲೆ ತೆತ್ತವನು ಎಳೆಯ ಟ್ಯಾಕಲ್, ಲೈನ್‌ನ ತುದಿಯಲ್ಲಿ ನಿಲ್ಲುವವನು. ಅವನ ಕೆಲಸ ಹಿಂದಕ್ಕೆ ಜಾರುತ್ತಾ ಹೊರಗಿನಿಂದ ನುಗ್ಗುವವನನ್ನು ತಡೆಯುವುದು. ಹೊರಗಾಲು ಹಿಂದಕ್ಕೆ, ಒಳಗಾಲು ನೆಲ ಬಿಡದೆ ಎಳೆದು, ಸೊಂಟ ತಗ್ಗಿಸಿ, ಕೈ ಎದುರಾಳಿಯ ಎದೆಯ ಒಳಭಾಗಕ್ಕೆ. ಕೈ ಒಂದು ಗೇಣು ಹೊರಗೆ ಹೋದರೆ ಫೌಲ್. ಅರ್ಧ ಹೆಜ್ಜೆ ಮುಂಚೆ ಹೊರಗೆ ತಿರುಗಿದರೆ ಎದುರಾಳಿ ಒಳಗಿನಿಂದ ನುಗ್ಗುತ್ತಾನೆ. ಎಸೆಯುವವನಿಗೆ ಸಿಗುವುದೇ ಎರಡೂವರೆ ಸೆಕೆಂಡ್ ಆಸುಪಾಸು, ತಪ್ಪು ಸರಿಪಡಿಸಿಕೊಳ್ಳಲು ಹೊತ್ತಿಲ್ಲ. ಈ ಪಾದಚಲನೆ ಶಾರ್ಟ್ಸ್ ಹಾಕಿಕೊಂಡು ಅರ್ಧ ವೇಗದಲ್ಲಿ ಕಲಿಯುವಂಥದ್ದಲ್ಲ. 130, 140 ಕಿಲೋ ಮೈ ನಿಜವಾಗಿ ಬಂದು ಗುದ್ದಿದಾಗ ಸೊಂಟ ನಿಲ್ಲುತ್ತದೆಯೋ ಇಲ್ಲವೋ ಅಂತ ಆಗ ಮಾತ್ರ ಗೊತ್ತಾಗುತ್ತದೆ.

ಕಾಲೇಜುಗಳಲ್ಲಿ ಈಗ ಬಹಳ ತಂಡಗಳು ಚೆಂಡನ್ನು ಬೇಗ ಕೈಬಿಡುವ ಆಟ ಆಡುತ್ತವೆ, ಟ್ಯಾಕಲ್ ಮೂರು ಬೆರಳು ನೆಲಕ್ಕೂರಿ ನಿಲ್ಲುವುದೇ ಅಪರೂಪ. ಹಾಗಾಗಿ ಅಲ್ಲಿಂದಲೂ ಕಲಿತು ಬರುವುದಿಲ್ಲ, ಇಲ್ಲಿಯೂ ಕಲಿಯಲು ಜಾಗವಿಲ್ಲ.

ಪ್ರೀಸೀಸನ್ ಪಂದ್ಯಗಳಿವೆಯಲ್ಲ ಅನ್ನಬಹುದು. ಅವು 2021ರಲ್ಲಿ ಸೀಸನ್ 17 ಪಂದ್ಯಕ್ಕೆ ಏರಿದಾಗ ನಾಲ್ಕರಿಂದ ಮೂರಕ್ಕೆ ಇಳಿದವು. ಒಂದು ಪಂದ್ಯದಲ್ಲಿ ಅಫೆನ್ಸ್‌ಗೆ ಸಿಗುವುದು 60, 65 ಸ್ನ್ಯಾಪ್, ಅಂದರೆ ಅಷ್ಟು ಸಲ ಚೆಂಡು ಆಟಕ್ಕೆ ಬರುತ್ತದೆ. ಮೂರನೇ ಸಾಲಿನವನಿಗೆ ಮೂರೂ ಪಂದ್ಯ ಕೂಡಿ ಒಂದು ಪಂದ್ಯದಷ್ಟು ಸಿಕ್ಕರೆ ಪುಣ್ಯ. ಎಂಟು ಪಂದ್ಯದ ಲೀಗ್ ಆದರೆ 480 ಸ್ನ್ಯಾಪ್. ಈ ವ್ಯತ್ಯಾಸಕ್ಕೆ ನಾನು ಲೀಗ್ ಪರ.

ಒಂದು ಎಚ್ಚರಿಕೆ. ಇಂಥ ಲೀಗ್‌ನಿಂದ ಮೇಲೆ ಬಂದವರ ಪಟ್ಟಿ ಕೊಡುವಾಗ ಎಲ್ಲರೂ ಚೆಂಡು ಒದೆಯುವ ಕಿಕರ್‌ಗಳ ಹೆಸರು ಹೇಳುತ್ತಾರೆ. ಬ್ರ್ಯಾಂಡನ್ ಆಬ್ರಿ ಯುಎಸ್‌ಎಫ್‌ಎಲ್ ಎಂಬ ಬೇರೊಂದು ಲೀಗ್‌ನ ಬರ್ಮಿಂಗ್‌ಹ್ಯಾಮ್ ತಂಡದಿಂದ 2023ರಲ್ಲಿ ಡಲ್ಲಾಸ್‌ಗೆ ಬಂದು, ಮೊದಲ 35 ಫೀಲ್ಡ್ ಗೋಲ್ ಒಂದೂ ತಪ್ಪದೆ ಹೊಡೆದ. ಜೇಕ್ ಬೇಟ್ಸ್ 2024ರಲ್ಲಿ ಯುಎಫ್‌ಎಲ್‌ನ ಮಿಷಿಗನ್‌ನಿಂದ ಡೆಟ್ರಾಯಿಟ್‌ಗೆ ಹೋದ. ಇಬ್ಬರೂ ಅಪ್ಪಟ ಪ್ರತಿಭೆಗಳು. ಆದರೆ ಕಿಕರ್‌ಗೆ ಪ್ಲೇಬುಕ್ ಇಲ್ಲ, ಅವನ ಕೆಲಸ ಎಲ್ಲ ಲೀಗ್‌ನಲ್ಲೂ ಒಂದೇ ಅಳತೆಯದು. ಅವರಿಗೆ ಬೇಕಿದ್ದದ್ದು ಯಾರಾದರೂ ನೋಡುವ ಜಾಗ. ಟ್ಯಾಕಲ್‌ಗೆ ಬೇಕಾದದ್ದು ಬೆಳೆಯುವ ಜಾಗ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ತೂಗಬೇಡಿ.

ಪೊನ್ನಂಪೇಟೆ ಟರ್ಫ್:

ಇಬ್ಬರಿಗೂ ಧನ್ಯವಾದ. ಕಾರ್ಡ್ ನೋಡಿ ಓಡುವ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಮುಂದಿನ ಪ್ರಶ್ನೆ: ಇಷ್ಟು ಅಗತ್ಯ ಇದ್ದರೆ, ಇದುವರೆಗೆ ಮಾಡಿದ ಲೀಗ್‌ಗಳು ಯಾಕೆ ಮುಚ್ಚಿದವು?

ಕುಶಾಲನಗರ ಸೇತುವೆ:

ಎಲ್ಲವೂ ಒಂದೇ ಕಾರಣಕ್ಕೆ ಮುಚ್ಚಲಿಲ್ಲ, ಅದನ್ನು ಬಿಡಿಸಿ ನೋಡಬೇಕು.

ಎನ್‌ಎಫ್‌ಎಲ್ ತಾನೇ ನಡೆಸಿದ್ದು ಒಂದೇ. 1991ರಲ್ಲಿ ವರ್ಲ್ಡ್ ಲೀಗ್ ಅಂತ ಶುರು, ಎರಡು ವರ್ಷಕ್ಕೆ ನಿಂತಿತು, 1995ರಲ್ಲಿ ಯೂರೋಪಿನಲ್ಲಿ ಮತ್ತೆ ಎದ್ದಿತು, ಮುಂದೆ ಎನ್‌ಎಫ್‌ಎಲ್ ಯೂರೋಪ್ ಅಂತ ಹೆಸರಾಯಿತು, 2007ರ ಜೂನ್‌ನಲ್ಲಿ ಮುಚ್ಚಿತು. ಎನ್‌ಎಫ್‌ಎಲ್ ತಂಡಗಳು ವಸಂತದಲ್ಲಿ ತಮ್ಮ ಎಳೆಯ ಆಟಗಾರರನ್ನು ಅಲ್ಲಿಗೆ ಕಳಿಸುತ್ತಿದ್ದವು, ಹಕ್ಕು ತಮ್ಮಲ್ಲೇ ಇಟ್ಟುಕೊಂಡು. ಕರ್ಟ್ ವಾರ್ನರ್ 1998ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಡಿದ. 2000ದ ಜನವರಿಯಲ್ಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ. ಜೇಮ್ಸ್ ಹ್ಯಾರಿಸನ್ 2004ರಲ್ಲಿ ರೈನ್ ಫೈರ್ ತಂಡದಲ್ಲಿದ್ದ. 2008ರಲ್ಲಿ ಎನ್‌ಎಫ್‌ಎಲ್‌ನ ವರ್ಷದ ಡಿಫೆನ್ಸ್ ಆಟಗಾರ. ಬ್ರ್ಯಾಡ್ ಜಾನ್ಸನ್, ಜೇಕ್ ಡೆಲೊಮ್ ಇಬ್ಬರೂ ಆ ಲೀಗ್ ಹಾದು ಬಂದು ಸೂಪರ್ ಬೌಲ್ ಆಡಿದ ಕ್ವಾರ್ಟರ್‌ಬ್ಯಾಕ್‌ಗಳು. ಆಟದ ಲೆಕ್ಕದಲ್ಲಿ ಅದು ಗೆದ್ದ ಲೀಗ್.

ಮುಚ್ಚುವಾಗ ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ನಷ್ಟ ಅಂತ ವರದಿಯಾಗಿತ್ತು. 32 ತಂಡಕ್ಕೆ ಹಂಚಿದರೆ ತಂಡವೊಂದಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ. ಆ ದುಡ್ಡಿಗಾಗಿ ಮುಚ್ಚಿದರು ಅಂತ ನಾನು ಒಪ್ಪುವುದಿಲ್ಲ. ಆ ಲೀಗ್‌ಗೆ ಎರಡು ಕೆಲಸ ಕಟ್ಟಿದ್ದರು: ಆಟಗಾರರನ್ನು ಬೆಳೆಸುವುದು, ಯೂರೋಪಿನಲ್ಲಿ ಆಟ ಮಾರುವುದು. ಕೊನೆಯ ವರ್ಷ ಆರು ತಂಡದಲ್ಲಿ ಐದು ಜರ್ಮನಿಯಲ್ಲೇ ಇದ್ದವು, ಅಂದರೆ ಎರಡನೇ ಕೆಲಸ ಕೈಗೂಡಲಿಲ್ಲ. ಅದು ಕೈಗೂಡದ್ದಕ್ಕೆ ಮೊದಲನೆಯದನ್ನೂ ನಿಲ್ಲಿಸಿದರು. ಮಾರಾಟದ ಕೆಲಸವನ್ನು ಈಗ ಲಂಡನ್, ಮ್ಯೂನಿಕ್‌ನಲ್ಲಿ ನಿಜವಾದ ಪಂದ್ಯ ಆಡಿಸಿ ಮಾಡುತ್ತಿದ್ದಾರೆ, ಚೆನ್ನಾಗಿಯೇ ನಡೆದಿದೆ. ಬೆಳೆಸುವ ಕೆಲಸಕ್ಕೆ ಬದಲಿ ಬರಲೇ ಇಲ್ಲ.

ಎಎಎಫ್ ಎಂಬ ಖಾಸಗಿ ಲೀಗ್‌ನ ಕಥೆ ಬೇರೆ. 2019ರ ಫೆಬ್ರವರಿಯಲ್ಲಿ ಎಂಟು ತಂಡದೊಂದಿಗೆ ಶುರುವಾಗಿ, ಎಂಟು ವಾರಕ್ಕೆ, ಏಪ್ರಿಲ್ 2ರಂದು ನಿಂತಿತು; ಅದೇ ತಿಂಗಳು ದಿವಾಳಿ ಅರ್ಜಿ. ಹಣ ಹಾಕಿದವರು ಕೇಳಿದ್ದು ಒಂದೇ: ಎನ್‌ಎಫ್‌ಎಲ್‌ನ ಪಟ್ಟಿಯ ಕೆಳಗಿನ ಆಟಗಾರರನ್ನು ಕೊಡಿ. ಆಟಗಾರರ ಸಂಘ ಒಪ್ಪಲಿಲ್ಲ, ಒಪ್ಪದಿರುವುದಕ್ಕೆ ಕಾರಣವೂ ಇತ್ತು. ವಸಂತದಲ್ಲಿ ಆಡಿ ಮಂಡಿ ಮುರಿದುಕೊಂಡವನ ಮುಂದಿನ ಸೀಸನ್ ಸಂಬಳ ಯಾರು ಕೊಡಬೇಕು ಎಂಬುದಕ್ಕೆ ಯಾರ ಬಳಿಯೂ ಬರಹದಲ್ಲಿ ಉತ್ತರ ಇರಲಿಲ್ಲ. ಸಂಘದ ಒಪ್ಪಿಗೆ ಕೈಗೆ ಬರುವ ಮುಂಚೆ ಲೀಗ್ ಶುರುಮಾಡಿದ್ದೇ ತಪ್ಪು.

ಎಕ್ಸ್‌ಎಫ್‌ಎಲ್ 2001ರಲ್ಲಿ ಒಂದು ಸೀಸನ್. 2020ರಲ್ಲಿ ಐದು ವಾರ ಆಡಿ ಕೋವಿಡ್‌ಗೆ ನಿಂತಿತು. 2023ರಲ್ಲಿ ಮತ್ತೆ ಬಂತು. ಹೊಸ ಯುಎಸ್‌ಎಫ್‌ಎಲ್ 2022ರಲ್ಲಿ ಬಂತು, ಖರ್ಚು ಉಳಿಸಲು ಆ ವರ್ಷದ ಲೀಗ್ ಪಂದ್ಯಗಳನ್ನೆಲ್ಲ ಬರ್ಮಿಂಗ್‌ಹ್ಯಾಮ್ ಒಂದೇ ಊರಲ್ಲಿ ಆಡಿಸಿತು. ಎರಡೂ ಕೂಡಿ 2024ರಲ್ಲಿ ಯುಎಫ್‌ಎಲ್ ಆಯಿತು. ಎಂಟು ತಂಡ, ಹತ್ತು ಪಂದ್ಯ, ವಾರಕ್ಕೆ 5,500 ಡಾಲರ್. ತಂಡಗಳೆಲ್ಲ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲೇ ಉಳಿದು ಅಭ್ಯಾಸ ಮಾಡಿ, ವಾರದ ಕೊನೆಗೆ ತಮ್ಮ ತಮ್ಮ ಊರಿಗೆ ವಿಮಾನದಲ್ಲಿ ಹೋಗಿ ಆಡುತ್ತಿದ್ದವು. ಖರ್ಚಿನಲ್ಲಿ ಜಾಣತನ. ಆದರೆ ಊರಿನ ಶಾಲೆಗೆ ಹೋಗದ, ಊರಿನ ಅಂಗಡಿಯಲ್ಲಿ ಕಾಣದ ಆಟಗಾರನಿಗಾಗಿ ಜನ ಟಿಕೆಟ್ ಕೊಳ್ಳುವುದು ಕಷ್ಟ. ಸೇಂಟ್ ಲೂಯಿಸ್ ಒಂದೇ 30,000ಕ್ಕೂ ಹೆಚ್ಚು ಜನರನ್ನು ತುಂಬಿಸಿತು. ಆ ಊರು 2016ರಲ್ಲಿ ತನ್ನ ಎನ್‌ಎಫ್‌ಎಲ್ ತಂಡವನ್ನೇ ಕಳೆದುಕೊಂಡಿತ್ತು, ಹಸಿವು ಹಾಗಿತ್ತು.

ಯಾಕೆ ಎಲ್ಲರೂ ವಸಂತದಲ್ಲೇ ಆಡಿಸುತ್ತಾರೆ ಅಂತ ಕೇಳಬಹುದು. ಶರತ್ಕಾಲದಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲಿನದು, ಶನಿವಾರ ಕಾಲೇಜಿನದು, ಭಾನುವಾರ ಎನ್‌ಎಫ್‌ಎಲ್‌ನದು. 1961ರ ಪ್ರಸಾರ ಕಾಯ್ದೆಯಲ್ಲೇ ಆ ಶುಕ್ರವಾರ, ಶನಿವಾರಗಳಿಗೆ ರಕ್ಷಣೆ ಇದೆ. ಬೇರೆ ಲೀಗ್‌ಗೆ ಟಿವಿಯಲ್ಲಿ ಜಾಗ ಉಳಿಯುವುದಿಲ್ಲ.

ಸೋಮವಾರಪೇಟೆ ಏಲಕ್ಕಿ:

ನನಗೆ ಭಿನ್ನಾಭಿಪ್ರಾಯ ಇದೆ. ನೀವೆಲ್ಲ ಲೀಗ್ ಬೇಕೋ ಬೇಡವೋ ಅಂತ ಕೇಳುತ್ತಿದ್ದೀರಿ. ಈಗಿನ ವ್ಯವಸ್ಥೆಯಲ್ಲೇ ಸರಿಯಾಗಿ ಕಲಿಸಿದರೆ ಆಗುವುದಿಲ್ಲವೇ ಅಂತ ಯಾರೂ ಕೇಳಲಿಲ್ಲ.

ಜೋರ್ಡಾನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಲೀಗ್ ಹುಡುಗ. ಅಮೆರಿಕನ್ ಫುಟ್‌ಬಾಲ್ ಪಂದ್ಯ ಒಂದನ್ನೂ ಆಡಿರಲಿಲ್ಲ. ವಿದೇಶಿ ಆಟಗಾರರಿಗಾಗಿ 2017ರಲ್ಲಿ ಶುರುವಾದ ತರಬೇತಿ ಯೋಜನೆಯಿಂದ ಬಂದ, 2018ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪದ್ಧತಿ) ಏಳನೇ ಸುತ್ತಿನಲ್ಲಿ 233ನೆಯವನಾಗಿ ಫಿಲಡೆಲ್ಫಿಯಾ ತೆಗೆದುಕೊಂಡಿತು. ಎರಡು ಸೀಸನ್ ಲೀಗ್ ಪಂದ್ಯವೇ ಆಡಲಿಲ್ಲ. 2020ರಲ್ಲಿ ಲೆಫ್ಟ್ ಟ್ಯಾಕಲ್ ಜಾಗಕ್ಕೆ ಬಂದ, 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲೂ ಅದೇ ಜಾಗ. ಕಕ್ಕಬ್ಬೆಯವರು ಯಾವ ಜಾಗ ಅತಿ ಕಷ್ಟ ಅಂದರೋ ಅದೇ ಜಾಗ! ಲೀಗ್ ಇಲ್ಲದೆ ಆಯಿತು, ಯಾಕೆಂದರೆ ಜೆಫ್ ಸ್ಟೌಟ್‌ಲ್ಯಾಂಡ್ ಎಂಬ ಲೈನ್ ಕೋಚ್ ಒಬ್ಬ ಅಲ್ಲಿದ್ದ, ತಂಡಕ್ಕೆ ತಾಳ್ಮೆ ಇತ್ತು.

ಇನ್ನೊಂದು, ದೇಹದ ಲೆಕ್ಕ. ಬ್ಯಾಸ್ಕೆಟ್‌ಬಾಲ್ ಹುಡುಗ ಮಂಗಳವಾರ ಜಿ ಲೀಗ್‌ನಲ್ಲಿ, ಗುರುವಾರ ಎನ್‌ಬಿಎಯಲ್ಲಿ ಆಡಬಹುದು. ಫುಟ್‌ಬಾಲ್‌ನಲ್ಲಿ ವಾರಕ್ಕೆ ಒಂದೇ ಪಂದ್ಯ, ಮೈ ಸರಿಯಾಗಲು ಅಷ್ಟು ದಿನ ಬೇಕೇ ಬೇಕು. ವಸಂತದಲ್ಲಿ 10, ಪ್ರೀಸೀಸನ್ 3, ಸೀಸನ್ 17: ಒಂದು ವರ್ಷಕ್ಕೆ 30 ಪಂದ್ಯ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಉಳಿಯುತ್ತಾನಾ? ಯುಎಫ್‌ಎಲ್ ಜೂನ್ ಮಧ್ಯಕ್ಕೆ ಮುಗಿದರೆ ಕ್ಯಾಂಪ್ ಜುಲೈ ಕೊನೆಗೆ. ನಡುವೆ ಸಿಗುವುದು ಆರು ವಾರ. ಮಂಡಿಯ ಲಿಗಮೆಂಟ್ ಹರಿದರೆ ಒಂಬತ್ತು ತಿಂಗಳು ಬೇಕು, ಆ ವರ್ಷವೇ ಹೋಯಿತು.

ಹಾಕಿ ವಿಷಯಕ್ಕೆ ಬಂದರೆ, ಸರ್, ನಮ್ಮಲ್ಲಿ ಆ ಎರಡನೇ ಹಂತ ಬೇರೆ ಹೆಸರಿನಲ್ಲಿ ಇದ್ದೇ ಇದೆ: ಸೇನೆ, ರೈಲ್ವೆ, ತೈಲ ಕಂಪನಿಗಳ ತಂಡಗಳು. ಹುಡುಗನಿಗೆ ಕೆಲಸ, ಸಂಬಳ, ದಿನದ ಅಭ್ಯಾಸ, ಇಡೀ ವರ್ಷ ಟೂರ್ನಿಗಳು. 24ನೇ ವಯಸ್ಸಿನಲ್ಲಿ ಭಾರತ ತಂಡಕ್ಕೆ ಆಯ್ಕೆಯಾಗದಿದ್ದರೆ ಆಟ ಬಿಡಬೇಕಾಗಿಲ್ಲ, 27ಕ್ಕೆ ಇನ್ನೊಂದು ಅವಕಾಶ ಬರಬಹುದು. ಅಮೆರಿಕದಲ್ಲಿ ಅಂಥ ಖಾತೆ ತಂಡಗಳ ಪದ್ಧತಿಯೇ ಇಲ್ಲ. ಹಾಗಾಗಿ ಅವರ ಲೀಗ್‌ನ ನಕಲು ನಮಗೆ ಬೇಡ. ಇರುವ ಖಾತೆ ತಂಡಗಳಲ್ಲಿ ಆಟಗಾರರ ನೇಮಕಾತಿ ಕಡಿಮೆಯಾಗದಂತೆ ನೋಡಿಕೊಳ್ಳುವುದು ಮುಖ್ಯ.

ಗೋಣಿಕೊಪ್ಪ ಫುಲ್‌ಬ್ಯಾಕ್:

ಸೋಮವಾರಪೇಟೆ ಅಕ್ಕನ 30 ಪಂದ್ಯದ ಮಾತು ಸರಿ. ಅದನ್ನು ತಪ್ಪಿಸಿಯೇ ಲೀಗ್ ಕಟ್ಟಬೇಕು. ಆದರೆ ಮೈಲಾಟಾ ಉದಾಹರಣೆಗೆ ತಕರಾರಿದೆ. ಎರಡು ಮೀಟರ್ ಮೀರಿದ ಎತ್ತರ, ಆ ಮೈಗೆ ಆ ಓಟ, ಜೊತೆಗೆ ಆ ಕೋಚ್, ಇವೆಲ್ಲ ಒಟ್ಟಿಗೆ ಸೇರಿದ್ದು ಒಂದು ಸಲ. ತಂಡಗಳು ಸಾಮಾನ್ಯವಾಗಿ ಎರಡು ವರ್ಷ ಕಾಯುವುದಿಲ್ಲ. ಜನವರಿ ಬಂದರೆ ಕೋಚ್‌ಗಳನ್ನೇ ತೆಗೆಯುತ್ತಾರೆ, ಹೊಸ ಕೋಚ್ ಹಳೆಯವನು ಬೆಳೆಸಿದ ಹುಡುಗನನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ನನ್ನ ಲೆಕ್ಕ ಹೀಗಿದೆ.

ಎಎಚ್‌ಎಲ್‌ನಂತೆ 32 ತಂಡಕ್ಕೂ ಒಂದೊಂದು ಕೆಳತಂಡ ಆಗದ ಮಾತು. ಫುಟ್‌ಬಾಲ್‌ನಲ್ಲಿ ಒಂದು ತಂಡ ಕಟ್ಟಲು 50 ಜನ ಬೇಕು, ಅಂದರೆ 1,600. ಅಷ್ಟು ಜನ ಸಿಗುತ್ತಾರೆ. 32 ಒಳ್ಳೆಯ ಕ್ವಾರ್ಟರ್‌ಬ್ಯಾಕ್, 64 ಟ್ಯಾಕಲ್ ಸಿಗುವುದಿಲ್ಲ. ಲೈನ್ ನಿಲ್ಲದಿದ್ದರೆ ಉಳಿದವರ ಆಟವನ್ನು ಅಳೆಯುವುದಕ್ಕೇ ಆಗುವುದಿಲ್ಲ. ಹಾಗಾಗಿ ಎಂಟು ತಂಡ. ನಾಲ್ಕು ಎನ್‌ಎಫ್‌ಎಲ್ ತಂಡಕ್ಕೆ ಒಂದು. ಪ್ರತಿ ಎನ್‌ಎಫ್‌ಎಲ್ ತಂಡ ಎಂಟು ಜನರನ್ನು ಕಳಿಸಲಿ, ಹಕ್ಕು ತನ್ನಲ್ಲೇ ಇಟ್ಟುಕೊಂಡು. ಅದು 32. ಇನ್ನು 18 ಜಾಗ ಯಾವ ಗುತ್ತಿಗೆಯೂ ಇಲ್ಲದ, ಆಗಸ್ಟ್‌ನಲ್ಲಿ ಹೊರಬಿದ್ದ ಹುಡುಗರಿಗೆ.

ಕಳಿಸುವ ಎಂಟರಲ್ಲಿ ಕನಿಷ್ಠ ಮೂವರು ಲೈನ್‌ನವರು ಅಂತ ನಿಯಮ ಇರಲಿ, ಇಲ್ಲದಿದ್ದರೆ ಎಲ್ಲರೂ ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳನ್ನೇ ಕಳಿಸುತ್ತಾರೆ. ರನ್ನಿಂಗ್ ಬ್ಯಾಕ್‌ಗೆ ಪಂದ್ಯಕ್ಕೆ ಚೆಂಡು ಹಿಡಿದು ಓಡುವ ಸಲಕ್ಕೆ ಮಿತಿ, ಹನ್ನೆರಡು ಅಂತಿಟ್ಟುಕೊಳ್ಳಿ. ಹಿಂದಿನ ಸೀಸನ್‌ನಲ್ಲಿ ಎಂಟಕ್ಕಿಂತ ಹೆಚ್ಚು ಪಂದ್ಯ ಆಡಿದವನನ್ನು ಕಳಿಸುವಂತಿಲ್ಲ. ಹೀಗಾದರೆ 30 ಪಂದ್ಯ ಯಾರ ಮೈ ಮೇಲೂ ಬೀಳುವುದಿಲ್ಲ.

ಪಂದ್ಯ ಎಂಟೇ ಸಾಕು. ಮಾರ್ಚ್ ಎರಡನೇ ವಾರ ಶುರು, ಮೇ ಮೊದಲ ವಾರಕ್ಕೆ ಮುಗಿಯಬೇಕು. ಜೂನ್‌ವರೆಗೆ ಎಳೆದರೆ ಹುಡುಗ ತನ್ನ ತಂಡದ ಮೇ, ಜೂನ್ ಅಭ್ಯಾಸ ತಪ್ಪಿಸಿಕೊಳ್ಳುತ್ತಾನೆ, ಪ್ಲೇಬುಕ್ ಕಲಿಯುವುದೇ ಅಲ್ಲಿ. ಎನ್‌ಎಫ್‌ಎಲ್ ಯೂರೋಪ್ ಕಾಲದಲ್ಲೂ ತಂಡಗಳು ಒಳ್ಳೆಯ ಹುಡುಗರನ್ನು ಕಳಿಸಲು ಹಿಂದೆಮುಂದೆ ನೋಡಲು ಇದೊಂದು ಕಾರಣ. ಮಾರ್ಚ್‌ನಲ್ಲಿ ಉತ್ತರದ ಊರುಗಳಲ್ಲಿ ಹಿಮ ಇನ್ನೂ ಇರುತ್ತದೆ, ಆದ್ದರಿಂದ ದಕ್ಷಿಣದ ಊರುಗಳು ಅಥವಾ ಮುಚ್ಚಿದ ಕ್ರೀಡಾಂಗಣ.

ಸಂಬಳ: 400 ಜನ, ವಾರಕ್ಕೆ 5,500, ಎಂಟು ವಾರ. ಒಟ್ಟು 1.76 ಕೋಟಿ ಡಾಲರ್. ಪ್ರಯಾಣ, ವಿಮೆ, ಕೋಚ್, ಮೈದಾನ ಸೇರಿದರೆ ಇದರ ಹಲವು ಪಟ್ಟು ಆಗುತ್ತದೆ, ಒಪ್ಪುತ್ತೇನೆ. ಆದರೆ ಪಕ್ಕದಲ್ಲಿ ಈ ಲೆಕ್ಕ ಇಡಿ: 2024ರ ದರದಲ್ಲಿ 16 ಜನ, 12,500, 18 ವಾರ, 32 ತಂಡ. 11.52 ಕೋಟಿ ಡಾಲರ್. ಕಾರ್ಡ್ ನೋಡಿ ಓಡುವುದಕ್ಕೆ ವರ್ಷಕ್ಕೆ ಇಷ್ಟು ಕೊಡುವ ಲೀಗ್‌ಗೆ ಬೆಳೆಸುವುದಕ್ಕೆ ದುಡ್ಡಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ಗಾಯದ ಮಾತು ಮೊದಲೇ ಬರಹದಲ್ಲಿರಬೇಕು. ಹಕ್ಕು ಯಾರದೋ ಗಾಯದ ಖರ್ಚೂ ಅವರದೇ, ಮುಂದಿನ ಸೀಸನ್‌ನ ಪ್ರ್ಯಾಕ್ಟೀಸ್ ಸ್ಕ್ವಾಡ್ ಸಂಬಳವೂ ಅವರದೇ. ಗುತ್ತಿಗೆ ಇಲ್ಲದ 18 ಜನರಿಗೆ ಲೀಗ್‌ನದು. ಈಗಿನ ಒಪ್ಪಂದ 2031ರ ಮಾರ್ಚ್‌ವರೆಗೆ ಇದೆ, ನಡುವೆ ಬದಲಿಸಲು ಸಂಘ ಒಪ್ಪಲೇಬೇಕು. ಸಂಘಕ್ಕೆ ಇನ್ನೂ ಒಂದು ಭಯ ಇದೆ: ತರಬೇತಾದ ಅಗ್ಗದ ಹುಡುಗರು ಕೈಗೆ ಸಿಕ್ಕರೆ ತಂಡಗಳು ಏಳೆಂಟು ವರ್ಷದ ಅನುಭವಿಗಳನ್ನು ಕೈಬಿಡುತ್ತವೆ. ಅದಕ್ಕೆ ಬದಲಾಗಿ 53ರ ಪಟ್ಟಿಯನ್ನು 55 ಮಾಡಿಕೊಡಬೇಕು ಅನ್ನುವುದು ನನ್ನ ಸಲಹೆ.

ಕಕ್ಕಬ್ಬೆ ಜೇನು:

ಅಣ್ಣ, ಇದರಲ್ಲಿ ಒಂದು ಗಂಟು ಬಿಡಿಸದೆ ಉಳಿಯಿತು. ನಾಲ್ಕು ತಂಡದ ಹುಡುಗರು ಒಂದು ಕಡೆ ಸೇರಿದರೆ ಯಾರ ಪ್ಲೇಬುಕ್ ಆಡುವುದು? ಡಲ್ಲಾಸ್ ತನ್ನ ಸಂಕೇತಗಳನ್ನು ಫಿಲಡೆಲ್ಫಿಯಾ ಹುಡುಗನ ಮುಂದೆ ಬಿಚ್ಚಿಡುತ್ತದೆಯೇ? ಭೂಪಟ ನೋಡಿ ನಾಲ್ಕು ನಾಲ್ಕು ಕಟ್ಟಿದರೆ ಕೆಟ್ಟೇ ಕೆಡುತ್ತದೆ. ಓಡುವ ಆಟದಲ್ಲಿ ಲೈನ್ ಹೇಗೆ ತಡೆಯುತ್ತದೆ ಅನ್ನುವುದನ್ನು ಹಿಡಿದು ಗುಂಪು ಮಾಡಬೇಕು. ಲೈನ್ ಪೂರ್ತಿ ಪಕ್ಕಕ್ಕೆ ಸರಿಯುತ್ತಾ ತಡೆಯುವ ತಂಡಗಳು ಒಂದು ಕಡೆ, ಒಬ್ಬ ಗಾರ್ಡ್ (ಟ್ಯಾಕಲ್‌ನ ಒಳಪಕ್ಕದವನು) ತನ್ನ ಜಾಗ ಬಿಟ್ಟುಬಂದು ಸುತ್ತಿ ತಡೆಯುವ ತಂಡಗಳು ಇನ್ನೊಂದು ಕಡೆ. ಹಾಗೆ ಮಾಡಿದರೆ ಹೆಸರು, ಸಂಕೇತ ಬೇರೆಯಾದರೂ ಪಾದ ಇಡುವ ರೀತಿ ಒಂದೇ. ಕೋಚ್‌ಗಳು ಬದಲಾಗುವುದರಿಂದ ಪ್ರತಿ ಫೆಬ್ರವರಿ ಗುಂಪು ಹೊಸದಾಗಿ ಕಟ್ಟಬೇಕು. ತೊಡಕಿನ ಕೆಲಸ, ಆದರೆ ಆಗುತ್ತದೆ.

ಎಲ್ಲರೂ ಬಿಟ್ಟ ಇನ್ನೊಂದು ಲಾಭ: ನಿಯಮ ಪರೀಕ್ಷೆ. 2024ರಲ್ಲಿ ಎನ್‌ಎಫ್‌ಎಲ್ ತಂದ ಹೊಸ ಕಿಕ್‌ಆಫ್ 2020ರ ಎಕ್ಸ್‌ಎಫ್‌ಎಲ್‌ನಿಂದ ಬಂದದ್ದು. ಒದ್ದವನನ್ನೂ ಚೆಂಡು ಹಿಡಿಯಲು ಹಿಂದೆ ನಿಂತವರನ್ನೂ ಬಿಟ್ಟು ಎರಡೂ ಕಡೆಯವರು ಹತ್ತಿರ ಹತ್ತಿರ ನಿಂತು, ಚೆಂಡು ಕೈಗೆ ಬರುವವರೆಗೆ ಅಥವಾ ನೆಲಕ್ಕೆ ಬೀಳುವವರೆಗೆ ಅಲುಗದೆ ಕಾಯುತ್ತಾರೆ. ಐವತ್ತು ಗಜ ಓಡಿಬಂದು ಡಿಕ್ಕಿ ಹೊಡೆಯುವುದು ತಪ್ಪಿತು. ಕೆಳಗೆ ಆಡಿಸಿ ನೋಡದೆ ಅದನ್ನು ನೇರ ಮೇಲಕ್ಕೆ ತರುವ ಧೈರ್ಯ ಯಾರೂ ಮಾಡುತ್ತಿರಲಿಲ್ಲ. ಅಂಪೈರ್‌ಗಳಿಗೂ ಅಷ್ಟೆ, ಕಾಲೇಜಿನ ವೇಗದಿಂದ ಎನ್‌ಎಫ್‌ಎಲ್ ವೇಗಕ್ಕೆ ಕಣ್ಣು ಒಗ್ಗಲು ನಡುವೆ ಒಂದು ಮೆಟ್ಟಿಲು ಬೇಕು.

ಪೊನ್ನಂಪೇಟೆ ಟರ್ಫ್:

ತುಂಬಾ ಉಪಕಾರವಾಯಿತು. ನಾನು ಒಂದು ಲೆಕ್ಕ ಹಾಕಿ ನೋಡಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಕ್ಕೆ ಏರಿತು. ನಮ್ಮ ಹೆಮ್ಮೆ ಅದು. ಆದರೆ ನಾಕೌಟ್‌ನಲ್ಲಿ 360 ತಂಡಕ್ಕೆ 359 ಪಂದ್ಯ, ಸರಾಸರಿ ಒಂದು ತಂಡಕ್ಕೆ ಎರಡು ಪಂದ್ಯವೂ ಪೂರ್ತಿ ಬೀಳುವುದಿಲ್ಲ. ಹಬ್ಬವಾಗಿ ಅದು ಹಾಗೇ ಇರಬೇಕು. ಅಲ್ಲಿ ಕಣ್ಣಿಗೆ ಬಿದ್ದ ಹದಿನೆಂಟು, ಇಪ್ಪತ್ತರ ಹುಡುಗನಿಗೆ ಮುಂದಿನ ಹತ್ತು ಪಂದ್ಯ ಎಲ್ಲಿ ಎಂಬುದೇ ನನ್ನ ಪ್ರಶ್ನೆ. ಸೋಮವಾರಪೇಟೆಯವರೇ, ಖಾತೆ ತಂಡಕ್ಕೆ ಸೇರುವ ಮುಂಚಿನ ಆ ಎರಡು ಮೂರು ವರ್ಷಕ್ಕೆ ಏನು ಮಾಡೋಣ?

ಸೋಮವಾರಪೇಟೆ ಏಲಕ್ಕಿ:

ಅದಕ್ಕೆ ಗೋಣಿಕೊಪ್ಪದವರ ಲೆಕ್ಕವನ್ನೇ ಚಿಕ್ಕದು ಮಾಡಿ, ಸರ್. ಹಾಕಿಗೆ 50 ಜನ ಬೇಡ, 18 ಸಾಕು. ಆರು ತಂಡ, 108 ಹುಡುಗರು, 22ರ ಒಳಗಿನವರು. ಎಲ್ಲರೂ ಎಲ್ಲರ ಮೇಲೆ ಎರಡೆರಡು ಸಲ ಆಡಿದರೆ ಒಬ್ಬೊಬ್ಬರಿಗೆ ಹತ್ತು ಪಂದ್ಯ, ಒಟ್ಟು 30. ದಿನಕ್ಕೆ ಮೂರರಂತೆ ವಾರಕ್ಕೆ ಎರಡು ದಿನ ಆಡಿಸಿದರೆ ಐದು ವಾರಕ್ಕೆ ಮುಗಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಬಿಡಿ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಮನೆಯವರಿಗೆ ಪುರುಸೊತ್ತಿಲ್ಲ. ಏಪ್ರಿಲ್, ಮೇ ಕೌಟುಂಬಿಕ ಹಬ್ಬ. ಉಳಿಯುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆ, ಇಲ್ಲವೇ ಫೆಬ್ರವರಿ, ಮಾರ್ಚ್. ನಾನಾದರೆ ಫೆಬ್ರವರಿ ಹಿಡಿಯುತ್ತೇನೆ. ಟರ್ಫ್‌ಗೆ ನೀರು ಹಾಯಿಸುವ ಟ್ಯಾಂಕರ್ ಲೆಕ್ಕ ಮೊದಲೇ ಮಾಡಿಕೊಳ್ಳಿ, ಆ ತಿಂಗಳು ನೀರಿನದೇ ದೊಡ್ಡ ಖರ್ಚು.